ರಿನ್ಸಿ ಬಾಯಿ ಬಿಟ್ಟಿರಲಿಲ್ಲ

ನಿನ್ನ ಗುಟ್ಟನ್ನು ಊರವರಿಗೆಲ್ಲ ಹರಡಿದವಳು ರಿನ್ಸಿಯಲ್ಲ, ಶ್ರಾವ್ಯಾ. ನಾನು. ಅದು ಬಾಯಿತಪ್ಪಿ ಬಂದ ಮಾತಲ್ಲ. ಯೋಚಿಸಿ, ಯಾರ ಕಿವಿಗೆ ಹಾಕಿದರೆ ಎಲ್ಲಿಗೆ ಮುಟ್ಟುತ್ತದೆಂದು ಲೆಕ್ಕ ಹಾಕಿ ಆಡಿದ ಮಾತು. ಅದನ್ನು ರಿನ್ಸಿಯ ತಲೆಗೆ ಕಟ್ಟಿದವಳೂ ನಾನೇ.

ಕಳೆದ ವಾರ ನೀನು ನನ್ನೆದುರು ಬಂದು ಕುಳಿತಾಗಲೇ ಇದನ್ನು ಹೇಳಬೇಕಿತ್ತು. ಮನಶ್ಶಾಸ್ತ್ರ ಓದಿ ಮುಗಿಸಿ ದೋಹಾಕ್ಕೆ ಮರಳಿದ ನೀನು, ಮಕ್ಕಳ ಮನಸ್ಸಿನ ಬಗ್ಗೆ ನಡೆಯುವ ನಮ್ಮದೇ ಅಧ್ಯಯನದಲ್ಲಿ ಸಹಾಯಕಿಯಾಗಲು ಬಂದಿದ್ದೆ. ಈ ಕೆಲಸವೇ ಯಾಕೆ ಬೇಕೆಂದು ನಾನು ಕೇಳಿದ್ದಕ್ಕೆ ನೀನು ಹೇಳಿದ್ದು ಇಷ್ಟು: "ನಿಮ್ಮಿಂದ, ಮಿಸ್. ಆಗ ನನ್ನ ಮಾತು ಸೇಫಾಗಿ ಇಟ್ಟಿದ್ದು ನೀವೊಬ್ರೇ. ಬೆಸ್ಟ್ ಫ್ರೆಂಡೇ ಎಲ್ಲರಿಗೂ ಹೇಳಿಬಿಟ್ಟಳು."

ನಾನು ತಲೆಯಾಡಿಸಿದೆ. ನೀರಿನ ಬಾಟಲಿಯನ್ನು ನಿನ್ನತ್ತ ಸರಿಸಿದೆ. ನಿನ್ನ ಮುಖ ನೋಡಿಕೊಂಡೇ ಆ ಹೊಗಳಿಕೆಯನ್ನು ನುಂಗಿಕೊಂಡೆ.

ನಿನ್ನ ಅಮ್ಮನಿಂದ ಶುರು ಮಾಡಬೇಕು. ತಪ್ಪನ್ನು ಅವಳ ಮೇಲೆ ಹೇರಿ ಪಾರಾಗಲಿಕ್ಕಲ್ಲ — ಅವಳ ಮೇಲಿನ ಸಿಟ್ಟು ಇಂದಿಗೂ ನನ್ನೊಳಗೆ ಆರಿಲ್ಲ. ಅದನ್ನು ಮುಚ್ಚಿಟ್ಟರೆ ಇದೂ ಇನ್ನೊಂದು ಸುಳ್ಳಾಗುತ್ತದೆ.

ವಿದ್ಯಾ ಮತ್ತು ನಾನು ಮಂಗಳೂರಿನಲ್ಲಿ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಡಿಗ್ರಿಯ ಎರಡನೇ ವರ್ಷ ನನಗೆ ಮಂಚ ಬಿಟ್ಟು ಏಳಲಾಗದ ಸ್ಥಿತಿ ಬಂತು. ಸ್ನಾನ ಬೇಡ, ಊಟ ಬೇಡ, ಯಾರ ಮುಖವೂ ಬೇಡ. ನನ್ನನ್ನು ಎಬ್ಬಿಸಿ ಮಾನಸಿಕ ವೈದ್ಯರ ಬಳಿಗೆ ಕರೆದೊಯ್ದವಳು ವಿದ್ಯಾನೇ. ಮಾತ್ರೆ ಕೈಗಿಟ್ಟು, ನುಂಗುವವರೆಗೆ ಎದುರು ನಿಲ್ಲುತ್ತಿದ್ದಳು. ನಮ್ಮ ಮನೆಯವರಿಗೂ ಗೊತ್ತಿಲ್ಲದ ಸಂಗತಿ ಅವಳೊಬ್ಬಳಿಗೆ ಗೊತ್ತಿತ್ತು. ನಾನು ಚೇತರಿಸಿಕೊಂಡೆ. ಮರುವರ್ಷ ನನಗೊಂದು ಸಂಬಂಧ ಬಂತು. ಹುಡುಗನಿಗೂ ನನಗೂ ಒಪ್ಪಿಗೆಯಾಗಿತ್ತು. ವಿಚಾರಿಸಲು ಅವನ ಅಕ್ಕ ಹಾಸ್ಟೆಲಿಗೆ ಬಂದಾಗ ವಿದ್ಯಾ ಹೇಳಿದಳಂತೆ: "ಒಳ್ಳೆ ಹುಡುಗಿ. ಮಂಡೆ ಒಂದು ಸಮ ಇಲ್ಲ, ಅಷ್ಟೆ."

ಸಂಬಂಧ ಮುರಿಯಿತು. ಕಾರಣ ನಮ್ಮ ಕೇರಿಯವರೆಗೂ ಬಂತು. ಮರುವರ್ಷ ಆ ಹುಡುಗನ ಮದುವೆಯಾಯಿತು, ವಿದ್ಯಾಳ ಜೊತೆಗೆ. ಅವನೇ ನಿನ್ನ ಅಪ್ಪ, ಶ್ರಾವ್ಯಾ. ಇದು ನಿನಗೆ ಗೊತ್ತಿರಲಿಕ್ಕಿಲ್ಲ.

ನಾನು ಹಟಕ್ಕೆ ಬಿದ್ದು ಮನಶ್ಶಾಸ್ತ್ರವನ್ನೇ ಓದಿದೆ. ಮದುವೆಯಾಗಲಿಲ್ಲ. ಕೆಲಸ ಸಿಕ್ಕಿ ಇಲ್ಲಿಗೆ ಬಂದು ನಜ್ಮಾ ಬಡಾವಣೆಯ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಕರಾವಳಿಯವರ ಕೂಟದಲ್ಲಿ ವಿದ್ಯಾ ಎದುರಾದಳು. ಅಲ್ ಗರಾಫಾ ಬಡಾವಣೆಯಲ್ಲಿ ವಿಲ್ಲಾ, ಗಂಡನ ದೊಡ್ಡ ಹುದ್ದೆ, ಸುತ್ತ ಅವಳ ಮಾತಿಗೆ ಕಾಯುವ ಹೆಂಗಸರು. ಅಷ್ಟೂ ಜನರ ನಡುವೆ ನನ್ನ ಭುಜ ಹಿಡಿದು ಕೇಳಿದಳು: "ಈಗ ಆರಾಮ ಉಂಟಾ ಸುಜಾತಾ? ಮಾತ್ರೆ ಎಲ್ಲ ಬಿಟ್ಟಿದ್ದೀಯಲ್ಲ?"

ಆರಾಮ ಉಂಟು ಎಂದೆ. ನಕ್ಕೆ ಕೂಡ. ಆ ಹೊತ್ತಿನಿಂದ ನಾನು ಕಾಯತೊಡಗಿದೆ.

ಹದಿಹರೆಯದ ಮಕ್ಕಳ ನಿದ್ದೆ, ಆತಂಕ, ಮನೆಯಲ್ಲಿನ ಮಾತುಕತೆ — ಇವುಗಳ ಬಗ್ಗೆ ನಮ್ಮ ತಂಡ ಶಾಲೆಗಳಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸುತ್ತಿತ್ತು. ನಮ್ಮ ಮುಖ್ಯಸ್ಥೆ ಜೋರ್ಡಾನಿನ ಡಾಕ್ಟರ್ ಹನಾನ್. ಮಗುವಿನ ಮನೆಯವರು ಪರಿಚಿತರಾಗಿದ್ದರೆ ಆ ಮಗುವನ್ನು ಬೇರೆಯವರಿಗೆ ಬಿಟ್ಟುಕೊಡಬೇಕು ಎನ್ನುವುದು ಅವರ ಮೊದಲ ನಿಯಮ. ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ನಿನ್ನ ಅಪ್ಪನ ಹೆಸರು ಕಂಡಾಗ ನಾನು ಬಿಟ್ಟುಕೊಡಲಿಲ್ಲ. ಆ ಹುಡುಗಿ ನನಗಿರಲಿ ಎಂದು ಸಹೋದ್ಯೋಗಿಯನ್ನು ಕೇಳಿ ಪಡೆದೆ. ವಿದ್ಯಾಳ ಮನೆಯೊಳಗೆ ಏನು ಕೊಳೆತಿದೆ ಎಂದು ನೋಡುವ ಆಸೆ. ಅದಕ್ಕೆ ಬೇರೆ ಹೆಸರಿಲ್ಲ.

ನಿನಗೆ ಆಗ ಹದಿನಾಲ್ಕು. ಅಗಲವಾದ ನೀಲಿ ಹೇರ್‌ಬ್ಯಾಂಡ್ ಹಾಕಿಕೊಂಡು ಬಂದಿದ್ದೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ದೊಡ್ಡವರಿಗೆ ತಿಳಿಸುತ್ತೇವೆ, ಉಳಿದದ್ದೆಲ್ಲ ಈ ಕೋಣೆಯೊಳಗೇ ಇರುತ್ತದೆ ಎಂದು ಹೇಳಿದೆ. ನೀನು ತುಂಬ ಹೊತ್ತು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದು, ಕೊನೆಗೆ ಹೇರ್‌ಬ್ಯಾಂಡ್ ತೆಗೆದೆ. ಕಿವಿಯ ಮೇಲ್ಗಡೆ ಅಂಗೈಯಗಲ ಬೋಳು. ಓದಲು ಕುಳಿತಾಗ ಒಂದೊಂದೇ ಕೂದಲು ಕೀಳುತ್ತೀಯಂತೆ, ಕಿತ್ತಾಗ ಮಾತ್ರ ಎದೆ ಹಗುರವಾಗುತ್ತದಂತೆ. ನಿನ್ನ ಗೆಳತಿ ರಿನ್ಸಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. "ಮಮ್ಮಿಗೆ ಹೇಳ್ಬೇಡಿ ಮಿಸ್. ಮಮ್ಮಿಗೆ ನಾನು ಪರ್ಫೆಕ್ಟ್ ಇರ್ಬೇಕು," ಎಂದೆ.

ಹೇಳುವುದಿಲ್ಲ ಎಂದು ನಿನ್ನ ಕೈ ಹಿಡಿದೆ. ನನ್ನ ಕೈ ಬೆಚ್ಚಗಿತ್ತು ಎಂದು ನೀನು ಕಳೆದ ವಾರ ನೆನಪಿಸಿಕೊಂಡೆ. ಇದ್ದಿರಬಹುದು. ಆದರೆ ಆ ಹೊತ್ತಿನಲ್ಲಿ ನನಗೆ ಕಾಣುತ್ತಿದ್ದದ್ದು ನೀನಲ್ಲ — ವಿದ್ಯಾ.

ಕರಾವಳಿಯ ಹೊಸವರ್ಷವಾದ ಬಿಸು ಹಬ್ಬದ ಕೂಟಕ್ಕೆ ಮೊದಲು ನಮ್ಮ ಹೆಂಗಸರೆಲ್ಲ ರವಿಕೆ ಹೊಲಿಸಿಕೊಳ್ಳಲು ನನ್ನ ಕೋಣೆಯ ಕೆಳಗಿನ ಅಂಗಡಿಗೆ ಬರುತ್ತಿದ್ದರು. ಸರೋಜಕ್ಕ ಬಂದರು. ಅವರಿಗೆ ಹೇಳಿದ ಮಾತು ಸಂಜೆಯೊಳಗೆ ಎಲ್ಲ ಮನೆಗಳಿಗೂ ಮುಟ್ಟುತ್ತದೆಂದು ಎಲ್ಲರಿಗೂ ಗೊತ್ತು. ನಾನು ಅವರನ್ನು ಮೇಲೆ ಕರೆದು ಚಹಾ ಕೊಟ್ಟೆ.

"ನಿಮ್ಮಲ್ಲೇ ಇರಲಿ ಸರೋಜಕ್ಕ. ವಿದ್ಯಾನ ಮಗಳು ತಲೆಕೂದಲು ಕಿತ್ತುಕೊಳ್ತಾಳಂತೆ. ಬೋಳಾಗಿದೆಯಂತೆ."

"ದೇವರೇ. ನಿಮಗೆ ಯಾರು ಹೇಳಿದ್ದು?"

"ಅವಳ ಜೊತೆ ಒಂದು ಮಲಯಾಳಿ ಹುಡುಗಿ ಉಂಟಲ್ಲ, ರಿನ್ಸಿ. ಅವಳು ಶಾಲೆಯಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ಬರ್ತಾಳಂತೆ." ಆಮೇಲೆ ಲೋಟ ಕೆಳಗಿಟ್ಟು, ವರ್ಷಗಟ್ಟಲೆ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹಾಗೇ ತೆಗೆದು ಕೊಟ್ಟೆ: "ಒಳ್ಳೆ ಹುಡುಗಿ. ಮಂಡೆ ಒಂದು ಸಮ ಇಲ್ಲ, ಅಷ್ಟೆ."

ಎಷ್ಟು ಸಿಹಿಯಾಗಿತ್ತು ಆ ಮಾತು. ಸುಳ್ಳು ಹೇಳಲಾರೆ — ಆ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಕೂಟದ ದಿನ ನಿನ್ನ ಭರತನಾಟ್ಯವಿತ್ತು. ರಿನ್ಸಿಯನ್ನೂ ನೀನೇ ಕರೆದಿದ್ದೆ. ಮುಡಿ ಹಾಕಿ, ಹೂವು ಮುಡಿದು ಚಂದವಾಗಿ ಕುಣಿದೆ. ಊಟದ ಹೊತ್ತಿಗೆ ಯಾರೋ ವಿದ್ಯಾಳಿಗೆ ಕನಿಕರ ತೋರಿಸಲು ಹೋದರು, ಒಳ್ಳೆ ಡಾಕ್ಟರಿಗೆ ತೋರಿಸಿ ಎಂದರು. ವಿದ್ಯಾಳ ಮುಖ ಕೆಂಪಾಯಿತು. "ಏನು ತೋರಿಸ್ಬೇಕು? ನನ್ನ ಮಗಳಿಗೆ ಏನಾಗಿದೆ? ನೋಡಿ ಬೇಕಾದ್ರೆ," ಎಂದವಳೇ ನಿನ್ನನ್ನು ಎಳೆದು ಮುಡಿಯನ್ನು ಬಿಚ್ಚಿಯೇಬಿಟ್ಟಳು. ಬೋಳು ಕಾಣದಂತೆ ನೀನು ಸೇರಿಸಿಕೊಂಡಿದ್ದ ಕೃತಕ ಕೂದಲಿನ ಚೌರಿ ಅವಳ ಕೈಗೆ ಬಂತು. ಕೂದಲು ಇಲ್ಲದ ಜಾಗ ಅಷ್ಟೂ ಜನರ ಕಣ್ಣಿಗೆ ಬಿತ್ತು.

ನಾನು ಪಾಯಸದ ಲೋಟ ಹಿಡಿದು ಹತ್ತಿರದಲ್ಲೇ ನಿಂತಿದ್ದೆ. ವಿದ್ಯಾಳ ಮುಖ ನೋಡಿದೆ. ನಾನು ಬಯಸಿದ್ದ ಮುಖ ಅದೇ — ಕುಸಿದದ್ದು, ಎಲ್ಲರೂ ನೋಡುತ್ತಿರುವಂಥದ್ದು. ಕಣ್ಣು ತುಂಬ ನೋಡಿದೆ. ಆಮೇಲಷ್ಟೇ ನಿನ್ನ ಮುಖ ಕಂಡದ್ದು. ನೀನು ಅಳಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಎದುರಿಗಿದ್ದ ರಿನ್ಸಿಯನ್ನು ನೋಡಿ, "ನಿನಗೊಬ್ಬಳಿಗೇ ಗೊತ್ತಿತ್ತು," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದೆ. ನನ್ನ ನೆನಪು ನಿನಗೆ ಬರಲೇ ಇಲ್ಲ. ನೀನು ನನ್ನನ್ನು ಅಷ್ಟು ನಂಬಿದ್ದೆ. ರಿನ್ಸಿ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಲೇ ಇದ್ದಳು. ಅವಳನ್ನು ಉಳಿಸಲು ನನ್ನದೊಂದು ಮಾತು ಸಾಕಿತ್ತು. ನಾನು ಲೋಟದೊಳಗೆ ನೋಡುತ್ತ ನಿಂತೆ.

ಮುಂದಿನದು ನಿನಗೇ ಗೊತ್ತು. ನಿನ್ನನ್ನು ಅಧ್ಯಯನದಿಂದ ಬಿಡಿಸಿದರು, ಊರಿನ ಬೋರ್ಡಿಂಗ್ ಶಾಲೆಗೆ ಕಳಿಸಿದರು. ವಿದ್ಯಾ ಕೂಟಗಳಿಗೆ ಬರುವುದನ್ನು ನಿಲ್ಲಿಸಿದಳು. ನನಗೆ ಬಡ್ತಿ ಸಿಕ್ಕಿತು. ಮಕ್ಕಳ ಮಾತನ್ನು ಹೇಗೆ ಕಾಪಾಡಬೇಕು ಎಂದು ಹೊಸಬರಿಗೆ ಪಾಠ ಹೇಳುವವಳು ಈಗ ನಾನೇ.

ಹೇಳುವವಳಾಗಿದ್ದೆ. ನಿನ್ನೆ ಡಾಕ್ಟರ್ ಹನಾನ್ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ನನ್ನ ಗುರುತಿನ ಕಾರ್ಡಿಗಾಗಿ ಕೈ ಚಾಚಿ, "ಖಲಾಸ್, ಸುಜಾತಾ," ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಅಲ್ಲಿಂದ ಬಸ್ಸು ಹತ್ತಿ ಕತಾರಿನ ಉತ್ತರ ತುದಿಯ ಅಲ್ ಶಮಾಲಿಗೆ ಹೋದೆ. ರಿನ್ಸಿ ಅಲ್ಲಿನ ಶಿಶುವಿಹಾರವೊಂದರಲ್ಲಿ ಟೀಚರ್ ಎಂದು ವಿಚಾರಿಸಿ ತಿಳಿದುಕೊಂಡಿದ್ದೆ. ನನ್ನ ಗುರುತು ಅವಳಿಗೆ ಸಿಗಲಿಲ್ಲ. ಹೆಸರು ಹೇಳಿ, ಮಾಡಿದ್ದನ್ನು ಹೇಳಿದೆ. ಮಕ್ಕಳು ಆಡಿ ಬಿಟ್ಟ ಪ್ಲಾಸ್ಟಿಕ್ ಕುರ್ಚಿಗಳನ್ನು ಅವಳು ಒಂದರ ಮೇಲೊಂದು ಪೇರಿಸುತ್ತಿದ್ದಳು, ಅರ್ಧಕ್ಕೆ ನಿಲ್ಲಿಸಿದಳು.

"ನನ್ನ ಅಮ್ಮನೂ ಅವತ್ತು ನನ್ನನ್ನ ನಂಬಲಿಲ್ಲ," ಎಂದಳು ಹಿಂದಿಯಲ್ಲಿ. "ಈಗಲೂ ಮನೆಯಲ್ಲಿ ಯಾರೂ ನನ್ನೆದುರು ಗುಟ್ಟಿನ ಮಾತು ಆಡುವುದಿಲ್ಲ."

ಆ ಮಗುವಿನ ಲೆಕ್ಕವನ್ನು ನಾನು ಯಾವತ್ತೂ ಹಾಕಿರಲಿಲ್ಲ. ಅವಳು ನನಗೆ ಬರೀ ಒಂದು ಮರೆ. ಅವಳ ಅಮ್ಮನ ಬಳಿಗೆ ನಾನೇ ಬಂದು ಹೇಳಲೇ ಎಂದು ಕೇಳಿದೆ. ಕೈಯಲ್ಲಿದ್ದ ಕುರ್ಚಿಯನ್ನು ಪೇರಿಸಿ, ಶುಕ್ರವಾರ ಬನ್ನಿ ಎಂದಳು. ಹೋಗುತ್ತೇನೆ. ಆಮೇಲೆ ಸರೋಜಕ್ಕನ ಮನೆಗೆ, ಆಮೇಲೆ ಅವರಿಂದ ಕೇಳಿದವರ ಮನೆಗಳಿಗೆ.

ನಿನ್ನ ಅಮ್ಮನನ್ನು ನಾನು ಕ್ಷಮಿಸಿಲ್ಲ, ಶ್ರಾವ್ಯಾ. ಕ್ಷಮಿಸಿದೆ ಎಂದರೆ ನೀನು ನಂಬಬೇಡ. ಆದರೆ ಅವಳಿಗೆ ಹೊಡೆಯಲು ನಾನು ಎತ್ತಿಕೊಂಡದ್ದು ನಿನ್ನನ್ನು. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುವುದಿಲ್ಲ — ಕೇಳುವ ಬಾಯಿ ನನಗಿಲ್ಲ. ರಿನ್ಸಿ ನಾಲ್ಕು ಗಂಟೆಗೆ ಕೆಲಸ ಮುಗಿಸುತ್ತಾಳೆ. ಹೋಗಿ ಅವಳನ್ನು ನೋಡು ಎಂದು ನಿನಗೆ ಹೇಳಬಹುದೇ ಅಂತ ಕೇಳಿಯೇ ಬಂದೆ, ಬೇಡ ಅನ್ನಲಿಲ್ಲ.