ಮೂಗಯ್ಯನ ತಮಟೆ ಮತ್ತು ಎರಡನೆಯ ಕ್ಯಾಸೆಟ್ಟು

ಭೀಮನಬೀಡಿನ ಮೂಗಯ್ಯ ತಮಟೆ ಬಾರಿಸುತ್ತಿದ್ದರೆ, ದೂರದ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಕೂಡ ತಲೆಯೆತ್ತದೆಯೇ ಅವನ ಹೆಸರು ಹೇಳುತ್ತಿದ್ದರು. ದೊಡ್ಡ ಏಟುಗಳ ನಡುವೆ ಎಡಗೈಯ ಸಣ್ಣ ಕಡ್ಡಿಯಿಂದ ಅವನು ಹುರುಳಿ ಚೆಲ್ಲಿದಂತೆ ಒಂದು ನುಡಿಯನ್ನು ಉದುರಿಸುತ್ತಿದ್ದ. ಅದು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಅವನ ಆಸ್ತಿಯೆಂದರೆ ಅದೊಂದೇ. ಜೊತೆಗೆ ಬೇಕಾದಷ್ಟು ಸಿಟ್ಟು.

ನಗಾರಿಗೆ ಹಂಗಳದ ಮಾದಣ್ಣ, ವಾಲಗಕ್ಕೆ ಬದನಗುಪ್ಪೆಯ ಮುದ್ದಯ್ಯ ಅಷ್ಟೇ ಹೆಸರಾದವರು. ಮೂವರೂ ಬೇರೆ ಬೇರೆ ಮೇಳಗಳ ಯಜಮಾನರು. ಒಬ್ಬರನ್ನು ಕಂಡರೆ ಒಬ್ಬರಿಗಾಗುತ್ತಿರಲಿಲ್ಲ. ತೊಂಬತ್ತೈದರಲ್ಲಿ ಒಂದು ಮದುವೆಗೆ ಬೀಗರಿಬ್ಬರೂ ಹಟಕ್ಕೆ ಬಿದ್ದು ಮೂರು ಮೇಳಗಳನ್ನೂ ಕರೆಸಿದರು. ಪಂತ ಕಟ್ಟಿ ಬಾರಿಸುತ್ತ ಬಾರಿಸುತ್ತ ಮೂರೂ ಹೊಂದಿಕೊಂಡುಬಿಟ್ಟವು. ಎಲೆ ಹಾಕಿದ್ದರೂ ಜನ ಊಟಕ್ಕೆ ಏಳಲಿಲ್ಲ. ಅಂದಿನಿಂದ ಮೂವರದೂ ಒಂದೇ ಮೇಳವಾಯಿತು. ಶಾಲೆಯ ಅಂಗಳದಲ್ಲಿ ತಮಟೆ ಕಾಯಿಸಲು ಹುಲ್ಲಿನ ಬೆಂಕಿ ಹಾಕಿಕೊಂಡು, ಒಂದೇ ಮೈಕಿನ ಮುಂದೆ ನಿಂತು ಮಾಡಿದ ಅವರ ಮೊದಲ ಕ್ಯಾಸೆಟ್ಟು ಚಾಮರಾಜನಗರದ ಬಸ್ಸುಗಳಲ್ಲೆಲ್ಲ ಕೇಳಿಸಿತು.

ಎರಡನೆಯದನ್ನು ಮೈಸೂರಿನ ಒಂದು ಸ್ಟುಡಿಯೋದಲ್ಲಿ ಮಾಡಿದರು. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮೈಕು. ಕ್ಯಾಸೆಟ್ಟು ಕೈಗೆ ಬಂದ ದಿನ ಮೂಗಯ್ಯ ಅದನ್ನು ಗುಂಡ್ಲುಪೇಟೆಯ ಬಸ್ ನಿಲ್ದಾಣದ ಎದುರು ಪುಟ್ಟಬಸಪ್ಪನ ಟೀ ಅಂಗಡಿಯಲ್ಲಿ ಹಾಕಿಸಿದ. ವಾಲಗ ಲಾರಿಯ ಹಾರನ್ನಿನಂತೆ ಅರಚಿತು. ನಗಾರಿ ಗೊರಗೊರ ಎಂದಿತು. ತಮಟೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯಿತೇ ಹೊರತು ಆ ಸಣ್ಣ ಕಡ್ಡಿಯ ನುಡಿ ಎಲ್ಲಿಯೂ ಇರಲಿಲ್ಲ.

ಪುಟ್ಟಬಸಪ್ಪ ಲೋಟ ತೊಳೆಯುತ್ತ ಕಿವಿಗೊಟ್ಟು ಕೇಳಿ, "ಮೂಗಣ್ಣ, ಇದ್ರಲ್ಲಿ ನೀನು ಯಾವಾಗ ಬತ್ತೀಯೆ?" ಎಂದ.

ಕುಳಿತಿದ್ದವರು ನಕ್ಕರು. ಮೂಗಯ್ಯ ಕ್ಯಾಸೆಟ್ಟನ್ನು ಕಿತ್ತುಕೊಂಡು ಹೊರಬಿದ್ದ. ತನ್ನ ಕೈಯನ್ನು ಜನ ಗುರುತಿಸದ ಮೇಲೆ ತಾನು ಬಾರಿಸಿದರೂ ಒಂದೇ, ಬಿಟ್ಟರೂ ಒಂದೇ ಎಂದು ದಾರಿಯುದ್ದಕ್ಕೂ ತನ್ನಷ್ಟಕ್ಕೇ ಬೈದುಕೊಂಡ.

ಮರುದಿನ ಮಿಕ್ಕಿಬ್ಬರನ್ನೂ ಎಳೆದುಕೊಂಡು ಮೈಸೂರಿಗೆ ಹೋದ. ರೆಕಾರ್ಡಿಂಗ್ ಮಾಡಿದ ಗುರುಪಾದಸ್ವಾಮಿಯನ್ನು ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದ. ಆತ ಪೂರ್ತಿ ಬೈಸಿಕೊಂಡು, ಆಮೇಲೆ ಹೇಳಿದ:

"ಮುದ್ದಯ್ಯನವರು ಒಬ್ಬರೇ ಬಂದು ವಾಲಗ ಸ್ವಲ್ಪ ಏರಿಸಿ ಅಂದ್ರು. ಮಾದಣ್ಣನವರು ಬಂದು ನಗಾರಿ ಏರಿಸಿ ಅಂದ್ರು. ನೀವಂತೂ ತಮಟೆ ಏರಿಸಿ ಅಂತ ಬಾಳೆಗೊನೆನೇ ಹೊತ್ಕೊಂಡು ಬಂದ್ರಿ. ಸದ್ದು ಅಳೆಯೋ ಮೀಟರಿನ ಮುಳ್ಳು ಕೆಂಪಿನಿಂದ ಕೆಳಕ್ಕೆ ಇಳೀಲೇ ಇಲ್ಲ."

"ನಾವು ಕೇಳ್ತೀವಿ ಕಣಯ್ಯ," ಎಂದ ಮೂಗಯ್ಯ. "ಆಗಕ್ಕಿಲ್ಲ ಅನ್ನಕೆ ನಿಂಗೆ ಬಾಯಿರ್ನಿಲ್ವಾ?"

ಬೀದಿಗಿಳಿದ ಮೇಲೆ ಮೂವರೂ ಕೈಕೈ ಮಿಲಾಯಿಸುವುದೊಂದು ಬಾಕಿ. ಮಾದಣ್ಣನಿಗೆ ಸದ್ದಿಗಿಂತ ಆ ಗೊನೆಯ ಮೇಲೆಯೇ ಸಿಟ್ಟು. "ಕಳ್ಳ ನನ್ಮಗನೆ, ಗೊನೆ ಕೊಟ್ಟು ನನ್ನ ಮುಚ್ಚಾಕ್ಬುಟ್ಯಾ?" ಎಂದು ಬಸ್ಸಿನೊಳಗೂ ಗೊಣಗಿದ. ಹಿಂದಿರುಗುವಾಗ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕುಳಿತರು. ಇನ್ನು ಆ ಮೇಳದ ಸಹವಾಸ ಬೇಡವೆಂದು ಮೂಗಯ್ಯ ಹೆಂಡತಿ ಚಿಕ್ಕನಿಂಗಮ್ಮನಿಗೆ ಹೇಳಿಯೂಬಿಟ್ಟ. ಆದರೆ ಚಾಮರಾಜನಗರದ ಒಂದು ಮದುವೆಗೆ ಬರುತ್ತೇವೆಂದು ಮೊದಲೇ ವೀಳ್ಯ ಹಿಡಿದಿದ್ದರು. ವೀಳ್ಯ ಹಿಡಿದು ತಪ್ಪಿಸಿಕೊಳ್ಳುವುದು ಮೂವರಿಗೂ ಗೊತ್ತಿರಲಿಲ್ಲ.

ಅಲ್ಲಿ ಮುಖ ತಿರುಗಿಸಿಕೊಂಡು ನಿಂತರು. ನೀ ಹೆಚ್ಚೋ ನಾ ಹೆಚ್ಚೋ ಎಂದು ಬಡಿದರು, ಊದಿದರು. ಮುದುಕಿಯರು ಕಿವಿ ಮುಚ್ಚಿಕೊಂಡರು. ಮೈಕಿಲ್ಲದ ಬಯಲಿನಲ್ಲೂ ಅದೇ ಕ್ಯಾಸೆಟ್ಟಿನ ಸದ್ದು! ಅದು ಕಿವಿಗೆ ಬಿದ್ದೊಡನೆ ಮೂಗಯ್ಯನಿಗೆ ಮೈಯೆಲ್ಲ ಬೆಂಕಿಯಾಯಿತು. ಹಲ್ಲು ಕಚ್ಚಿಕೊಂಡು ಬಲಗೈಯನ್ನು ತಡೆದ. ತಮಟೆಯ ಅಂಚಿನಲ್ಲಿ ಸಣ್ಣ ಕಡ್ಡಿಯನ್ನಷ್ಟೇ ಆಡಿಸಿದ. ಏನಾಯಿತೋ ಎಂದು ಮಾದಣ್ಣನೂ ನಗಾರಿಯನ್ನು ತಗ್ಗಿಸಿದ. ಮುದ್ದಯ್ಯ ದಿಕ್ಕು ತೋಚದೆ ವಾಲಗವನ್ನು ಬಾಯಿಂದ ತೆಗೆದು ಮೂಗಯ್ಯನನ್ನೇ ನೋಡಿದ.

"ನನ್ನ ಮೊಕ ಏನ್ಲಾ ನೋಡೀಯೆ," ಎಂದು ಮೂಗಯ್ಯ ಗದರಿದ. "ದಾರಿ ಬುಟ್ಟಿವ್ನಿ, ಊದ್ಲಾ."