ಶಿವರಾತ್ರಿ ಕಳೆದ ಮೇಲೆ ಸೌತೆ ಬೀಜ

ಪುಣೆಯಲ್ಲಿ ನನ್ನನ್ನು ಮೊದಲು ಹೆದರಿಸಿದ್ದು ತೆಂಗಿನೆಣ್ಣೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ತಲೆಗೆ ಹಚ್ಚಲು ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಒಳಗೆ ಬೆಳ್ಳಗೆ ಕಲ್ಲಾಗಿ ಕೂತಿತ್ತು. ಕುಂದಾಪುರದಲ್ಲಿ ವರ್ಷವಿಡೀ ನೀರಿನಂತಿದ್ದ ಎಣ್ಣೆಯನ್ನಷ್ಟೇ ಕಂಡವಳು ನಾನು. ಹಾಳಾದ ಎಣ್ಣೆ ಕೊಟ್ಟನೆಂದು ಅಂಗಡಿಯವನ ಜೊತೆ ಜಗಳಕ್ಕೇ ಹೋಗಿದ್ದೆ.

ಅಷ್ಟಾದರೂ ಬುದ್ಧಿ ಬರಲಿಲ್ಲ. ನಮ್ಮೂರಿನಲ್ಲಿ ಮಳೆ ನಿಂತು ಗದ್ದೆ ಕೊಯ್ಲಾದ ಮೇಲೆ ಹುಳಿಗೆ ಹಾಕುವ ಬಣ್ಣದ ಸೌತೆಯ ಬೀಜ ಹಾಕುವುದು ರೂಢಿ. ಅದೇ ಲೆಕ್ಕದಲ್ಲಿ ಸದಾಶಿವ ಪೇಠದ ಬಾಡಿಗೆ ಮನೆಯ ಗಚ್ಚಿಯ ಮೇಲೆ (ತಾರಸಿಗೆ ಇಲ್ಲಿ ಹಾಗೆನ್ನುತ್ತಾರೆ) ಪೇಂಟಿನ ಡಬ್ಬಗಳಿಗೆ ಮಣ್ಣು ತುಂಬಿ ಬಿತ್ತಿದೆ. ಅದು ಅಂಗಡಿಯ ಬೀಜವಲ್ಲ. ಅಮ್ಮ ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಅರ್ಧ ಅಣ್ಣನ ಮನೆಗೆ, ಅರ್ಧ ನನಗೆ ಎಂದು ಗಂಟು ಕಟ್ಟಿಟ್ಟದ್ದು. ಆ ಮಳೆಗಾಲದಲ್ಲೇ ಅಮ್ಮ ತೀರಿಕೊಂಡಳು. ದಿನಾ ನೀರು ಹಾಕಿದೆ, ಒಂದೂ ಮೊಳೆಯಲಿಲ್ಲ. ಕೆದಕಿ ನೋಡಿದರೆ ಎಲ್ಲ ಕೊಳೆತಿದ್ದವು. ಅಲ್ಲೇ ಕೂತು ಅತ್ತುಬಿಟ್ಟೆ.

ಬಟ್ಟೆ ಒಣಹಾಕಲು ಬಂದ ಕೆಳಗಿನ ಮನೆಯ ಶಾಂತಕ್ಕ ವಿಜಯಪುರದ ಕಡೆಯವರು.

"ಇನ್ನಾ ಬೀಜ ಉಳದಾವೇನ್ರಿ?"

"ಒಂದು ಹಿಡಿ ಇದೆ."

"ಹಂಗಾರ ಅಳೂದ್ಯಾಕ? ಥಂಡ್ಯಾಗ ನಾವ ಹಾಸಿಗಿ ಬಿಟ್ಟು ಏಳಂಗಿಲ್ಲ, ಬೀಜ ಹೆಂಗ ಎದ್ದಾವ್ರಿ? ಶಿವರಾತ್ರಿ ಆಗ್ಲಿ. ಚಳಿ ಶಿವಶಿವಾ ಅಂತ ಹೋಗ್ತದ."

ಉಳಿದ ಗಂಟನ್ನು ದೇವರ ಗೂಡಿನಲ್ಲಿಟ್ಟು ಕಾದೆ. ಶಿವರಾತ್ರಿ ಮುಗಿಸಿ ಬಿತ್ತಿದ ಬೀಜ ವಾರದೊಳಗೆ ಎರಡೆಲೆ ಬಿಟ್ಟಿತು. ನನ್ನ ಎದೆಯ ಭಾರ ಅವತ್ತು ಇಳಿಯಿತು. ಬೇಸಿಗೆಗೆ ಬಳ್ಳಿ ಗಚ್ಚಿಯ ಕಂಬಿ ಹತ್ತಿ ಕಾಯಿ ಬಿಟ್ಟಿತು. ಊರಿನಲ್ಲಿ ಮಳೆಗಾಲಕ್ಕೆಂದು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಬಿಡುತ್ತಿದ್ದೆವು. ಇಲ್ಲಿ ಜೋಕಾಲಿಯ ಕೊಂಡಿಗೆ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದೆ. ಸೌತೆಕಾಯಿ ಹುಳಿ ಕೊಟ್ಟರೆ ಶಾಂತಕ್ಕ, "ಖಾರಾನ ಇಲ್ಲಲ್ರೀ," ಎನ್ನುತ್ತಲೇ ರೊಟ್ಟಿಯ ಜೊತೆ ಎರಡು ಸಲ ಹಾಕಿಸಿಕೊಂಡರು.

ಮರುವರ್ಷ ಅತ್ತಿಗೆಯ ಫೋನು ಬಂತು. ಅಕಾಲದ ಮಳೆಗೆ ಗದ್ದೆಯಲ್ಲಿ ನೀರು ನಿಂತಿತ್ತಂತೆ. "ಬಳ್ಳಿ ಎಲ್ಲ ಕೊಳ್ತ್ ಹೋಯ್ತ್ ಮಾರಾಯ್ತಿ. ಬೀಜಕ್ಕೂ ಒಂದ್ ಕಾಯಿ ಇಲ್ಲೆ. ನಿನ್ ಹತ್ರ ಇತ್ತಾ?"

ಇತ್ತು. ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಶಾಂತಕ್ಕನೂ ನಾನೂ ಕೂಡಿಟ್ಟ ಊದುಬತ್ತಿಯ ಬೂದಿಯಲ್ಲೇ ಹೊರಳಿಸಿ ಕಳಿಸಿದೆ.

ಈ ಸಲ ಊರಿಗೆ ಹೋದಾಗ ಅತ್ತಿಗೆ ಹುಳಿ ಬಡಿಸುತ್ತ, "ಇದ್ ನಿಮ್ಮ್ ಪುಣೆ ಸೌತೆ," ಎಂದರು. ಹುಟ್ಟಿದ ಮನೆಯಲ್ಲಿ ಅಮ್ಮನ ಸೌತೆಯನ್ನು ನೆಂಟರ ಹಾಗೆ ಕೂತು ಉಂಡೆ. ಒಳಗೆಲ್ಲೋ ಚುರುಕ್ಕೆಂದಿತು. ಆದರೂ ಬೀಜ ಉಳಿಯಿತಲ್ಲ ಎಂದುಕೊಂಡು ಇನ್ನೊಂದು ಸೌಟು ಹಾಕಿಸಿಕೊಂಡೆ.