ಅರ್ಧ ಹೆಸರು

ದೆಲ್ಫಿನಾ ಸಿಯುಚೊ ಕೂತು ಉಂಡದ್ದನ್ನು ಲಿಮಾದ ಚೀನೀ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಹೋಟೆಲು ಅಪ್ಪನ ಕಾಲದ್ದು. ಅಲ್ಲಿ ಉರಿಯುವುದು ಮೂರು ಒಲೆಯಲ್ಲ, ಯಜಮಾನಿಯೂ ಸೇರಿ ನಾಲ್ಕು ಎಂದು ಗಿರಾಕಿಗಳು ನಗುತ್ತಿದ್ದರು. ಮದುವೆಯ ಮಾತು ಬಂದಾಗಲೆಲ್ಲ "ಈ ಭಾನುವಾರದ ಗದ್ದಲ ಒಂದು ಮುಗೀಲಿ" ಎನ್ನುತ್ತಲೇ ಅವಳಿಗೆ ಐವತ್ತಾರು ತುಂಬಿತ್ತು.

ಅಲ್ಲಿ ಚಳಿಗಾಲವಾದ ಜೂನ್ ತಿಂಗಳಲ್ಲಿ ಕಾದ ಎಣ್ಣೆ ಅವಳ ಬಲಗೈ ಮೇಲೆ ಚೆಲ್ಲಿತು. ಅಡುಗೆಮನೆಗೆ ತಲೆ ಹಾಕಲೇಬಾರದೆಂದರು ಡಾಕ್ಟರು. ತಾನಿಲ್ಲದೆ ಹೋಟೆಲು ಮುಳುಗುತ್ತದೆಂದು ಅವಳು ಮಹಡಿಯಲ್ಲಿ ಕಿವಿ ನಿಮಿರಿಸಿಕೊಂಡು ಮಲಗಿದಳು. ಹೋಟೆಲು ಮುಳುಗಲಿಲ್ಲ. ಅಡುಗೆಯ ವಿಲ್ಮೆರ್ ದಿನಾ ಒಂದು ತಟ್ಟೆ ಹುರಿದ ಅನ್ನ ತಂದುಕೊಡುತ್ತಿದ್ದ.

"ಹೇಗಿದೆ ಯಜಮಾನ್ರೇ?"

"ಉಪ್ಪು ಕಮ್ಮಿ" ಎಂದು ಸುಳ್ಳು ಹೇಳಿದಳು. ಉಪ್ಪು ಸರಿಯಾಗಿಯೇ ಇತ್ತು. ಸುಟ್ಟ ಗಾಯಕ್ಕಿಂತ ಅದೇ ಹೆಚ್ಚು ಉರಿಯಿತು.

ಗಾಯ ಮಾಯ್ದರೂ ಬೆರಳುಗಳು ಬಿಗಿದುಕೊಂಡಿದ್ದವು. ನಿಧಾನದ ಕೆಲಸ ಏನಾದರೂ ಮಾಡಿ ಎಂದರು ಡಾಕ್ಟರು. ನಿಧಾನದ ಕೆಲಸ ಅವಳಿಗೆ ಒಂದೂ ಗೊತ್ತಿರಲಿಲ್ಲ. ಪಕ್ಕದ ಬೀದಿಯ ಚೀನೀ ಸಂಘದ ಕಟ್ಟಡದಲ್ಲಿ ಯೆಪ್ ಮೇಷ್ಟ್ರು ಬುಧವಾರ ಮಧ್ಯಾಹ್ನ ಕುಂಚದಲ್ಲಿ ಚೀನೀ ಅಕ್ಷರ ಬರೆಯುವುದನ್ನು ಹೇಳಿಕೊಡುತ್ತಿದ್ದರು. ಅಲ್ಲಿಗೆ ಹೋದಳು. ದೊಡ್ಡ ಹಜಾರದಲ್ಲಿ ಕಲಿಯಲು ಬಂದವಳು ಅವಳೊಬ್ಬಳೇ.

ಮೇಷ್ಟ್ರು ಮಸಿಕಡ್ಡಿ, ತೇಯುವ ಕಲ್ಲು, ಒಂದಿಷ್ಟು ನೀರು ಮುಂದಿಟ್ಟರು. ಅವಳು ಗರಗರನೆ ತೇಯ್ದಳು. ಮಸಿ ಅಂಗಿಗೆಲ್ಲ ಸಿಡಿಯಿತು.

"ಏನಮ್ಮಾ, ಬೆಳ್ಳುಳ್ಳಿ ಅರೀತಿದೀಯಾ?"

"ಬೇಗ ತೇಯ್ದರೆ ಬರೆಯೋಕೆ ಶುರು ಮಾಡ್ಬೋದಲ್ಲ ಮೇಷ್ಟ್ರೇ."

"ತೇಯೋದೇ ಶುರು. ನಿನ್ನ ಯಾರು ಅಟ್ಟಿಸ್ಕೊಂಡು ಬರ್ತಿದಾರೆ?"

ಯಾರೂ ಇಲ್ಲ ಎಂದುಕೊಳ್ಳುತ್ತ ಅವಳು ಮೆಲ್ಲಗೆ ತೇಯತೊಡಗಿದಳು.

ಎಷ್ಟೋ ವಾರ ಬರೀ ಅಡ್ಡಗೆರೆ ಎಳೆದಳು. ಅವಸರದ ಗೆರೆ ನಡುವೆ ಬಿಳಿಚಿ ಒಡೆಯುತ್ತಿತ್ತು. ಉಸಿರು ಬಿಡುತ್ತ ಎಳೆದದ್ದು ತುಂಬಿ ನಿಲ್ಲುತ್ತಿತ್ತು. ಒಂದು ದಿನ ಮೇಷ್ಟ್ರು, "ಈಗ ನಿನ್ನ ಮನೆತನದ ಹೆಸರು ಬರಿ. ಸಿಯುಚೊ ಅಂದ್ರೆ ಯಾವ ಅಕ್ಷರ?" ಎಂದರು.

ಅವಳಿಗೆ ಗೊತ್ತಿರಲಿಲ್ಲ. ಹಡಗಿನಿಂದಿಳಿದ ಮುತ್ತಜ್ಜ ಹೇಳಿದ ಎರಡು ಅಕ್ಷರಗಳ ಹೆಸರನ್ನು ಬಂದರಿನ ಗುಮಾಸ್ತ ಕಿವಿಗೆ ಬಿದ್ದಂತೆ ಒಂದಾಗಿಸಿ ಬರೆದುಕೊಂಡಿದ್ದ, ಅಷ್ಟೇ. ದೂರದ ಚಿಕ್ಲಾಯೊ ಊರಿನಲ್ಲಿದ್ದ ತಮ್ಮ ರೊಹೆಲಿಯೊಗೆ ಫೋನು ಮಾಡಿದಳು.

"ಅಕ್ಕಾ, ಲಾರಿ ಬಂದು ನಿಂತಿದೆ. ಅದನ್ನ ಕಟ್ಕೊಂಡು ಈಗೇನು ಮಾಡ್ತೀಯ? ಆಮೇಲೆ ನಾನೇ ಫೋನು ಮಾಡ್ತೀನಿ."

ಅವನು ಮಾಡಲಿಲ್ಲ. ಅವನ ದನಿಯಲ್ಲಿ ತನ್ನದೇ ದನಿ ಕೇಳಿದಂತಾಗಿ ಅವಳಿಗೆ ಕೋಪವೂ ಬರಲಿಲ್ಲ.

ಮುತ್ತಜ್ಜನ ಗೋರಿ ಬಂದರಿನ ಊರಾದ ಕಯಾವೊದ ಸ್ಮಶಾನದಲ್ಲಿತ್ತು. ತೆಳುವಾದ ಕಾಗದ, ಇದ್ದಿಲು ಹಿಡಿದು ಒಬ್ಬಳೇ ಹೋದಳು. ಹೆಸರು ಕೆತ್ತಿದ ಕಲ್ಲು ಸಿಕ್ಕಿತು. ಕಾಗದ ಹಾಸಿ, ಒದ್ದೆ ನೆಲದಲ್ಲಿ ಮಂಡಿಯೂರಿ ಇದ್ದಿಲಿನಿಂದ ಮೆಲ್ಲಗೆ ಉಜ್ಜಿದಳು. ಮೇಲಿನ ಅಕ್ಷರ ಎದ್ದು ಬಂತು. ಕೆಳಗಿನದನ್ನು ಕಡಲ ಗಾಳಿ ತಿಂದುಹಾಕಿತ್ತು. ಎಷ್ಟು ಉಜ್ಜಿದರೂ ಬೂದು ಕಲೆಯಷ್ಟೇ.

ಮೇಷ್ಟ್ರು ಕಾಗದವನ್ನು ಕಿಟಕಿಗೆ ಹಿಡಿದರು. "ಸಿಯು. ಮೇಲೆ ಹುಲ್ಲಿನ ಗುರುತಿದೆ ನೋಡು. ಮಾಚಿಪತ್ರೆ ಥರದ ಒಂದು ಗಿಡ." ಕಾಗದ ಕೆಳಗಿಳಿಸಿ ಹೇಳಿದರು: "ಬಿಕೋ ಅನ್ನೋದಕ್ಕೂ ಇದೇ ಅಕ್ಷರ."

"ನನ್ನ ಮನೆ ನೋಡ್ಕೊಂಡೇ ಇಟ್ಟ ಹಾಗಿದೆ" ಎಂದು ದೆಲ್ಫಿನಾ ನಕ್ಕಳು. ಮೇಷ್ಟ್ರು ನಗಲಿಲ್ಲ.

"ಇನ್ನೊಂದಕ್ಷರ?"

"ಕಲ್ಲೇ ಮರೆತದ್ದನ್ನ ನಾನೆಲ್ಲಿಂದ ತರ್ಲಿ? ಇರೋದನ್ನ ಬರಿ."

ಅವಳು ಮತ್ತೆ ಒಲೆಯ ಮುಂದೆ ನಿಂತಳು. ಆದರೆ ಬುಧವಾರ ಮಾತ್ರ ಊಟದ ಹೊತ್ತು ಮುಗಿಯುವ ಮೊದಲೇ ಹೊರಟುಬಿಡುತ್ತಿದ್ದಳು.

"ಯಜಮಾನ್ರಿಗೆ ಯಾರೋ ಗಂಡು ಸಿಕ್ಕಿದಾನೆ" ಎಂದು ವಿಲ್ಮೆರ್ ಕಿಚಾಯಿಸಿದ.

"ಹೂಂ ಕಣೋ. ಎಂಬತ್ತು ದಾಟಿದೆ, ಹಲ್ಲಿಲ್ಲ."

ಒಂದು ಬುಧವಾರ ಮೇಷ್ಟ್ರು ಕೆಮ್ಮು ಹೆಚ್ಚಾಗಿ ಬೇಗ ಮನೆಗೆ ಹೋದರು. ಹಜಾರದಲ್ಲಿ ಒಬ್ಬಳೇ ಕೂತು ಅವಳು ಆ ಒಂದಕ್ಷರವನ್ನು ಬರೆದಳು. ಗೆರೆಗಳು ಬಹಳ, ಒಂದೂ ಒಡೆಯಲಿಲ್ಲ. ಕರೆದು ತೋರಿಸೋಣವೆಂದರೆ ಯಾರೂ ಇರಲಿಲ್ಲ. ಲಿಮಾದ ಚಳಿಗಾಲದ ತೇವಕ್ಕೆ ಮಸಿ ಬೇಗ ಒಣಗುವುದಿಲ್ಲ. ಹೊರಡಲೆಂದು ಎದ್ದು, ಕಿರುಬೆರಳಿನಿಂದ ಅಂಚು ಮುಟ್ಟಿ ನೋಡಿದಳು, ಇನ್ನೂ ಹಸಿ. ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಮತ್ತೆ ಕೂತಳು.